ಮನೆಗೊಂದು ಮೆಶ್, ಗದ್ದೆಗೊಂದು ಜಾಲ

ಬನ್ನೂರು: ತಂತಿಯಿಲ್ಲದ ಪುಟ್ಟ ಉಪಕರಣಗಳು ಒಂದರ ಸಂದೇಶವನ್ನು ಇನ್ನೊಂದು ಪಡೆದು ಮುಂದಕ್ಕೆ ದಾಟಿಸುವ ವ್ಯವಸ್ಥೆಗೆ ಮೆಶ್ ಜಾಲವೆಂದು ಹೆಸರು. ನಗರದ ಮನೆಗಳಲ್ಲಿ ದೀಪ, ಬೀಗಗಳನ್ನು ನಿಯಂತ್ರಿಸುವ ಈ ತಂತ್ರಜ್ಞಾನ ಬನ್ನೂರಿನ ಭತ್ತ, ಕಬ್ಬಿನ ಗದ್ದೆಗಳಿಗೂ ಒಗ್ಗುವುದೇ? ಉತ್ತರ ಅಡಗಿರುವುದು ಬ್ಯಾಟರಿಯಲ್ಲಿ.

ಜಿಲ್ಲೆಗೆ ಮೆಶ್ ಹೊಸದೇನಲ್ಲ. ಕೇಂದ್ರ ಇಂಧನ ಸಚಿವಾಲಯ ಆಯ್ಕೆ ಮಾಡಿದ್ದ 14 ಪ್ರಾಯೋಗಿಕ ಸ್ಮಾರ್ಟ್ ಗ್ರಿಡ್ ಯೋಜನೆಗಳಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಮೈಸೂರು ಯೋಜನೆಯೂ ಒಂದು. 21,824 ಗ್ರಾಹಕರನ್ನು ಒಳಗೊಂಡ ಈ ಯೋಜನೆಯಲ್ಲಿ ಮೀಟರ್‌ಗಳ ಲೆಕ್ಕ ರೇಡಿಯೋ ಮೆಶ್ ಮೂಲಕ ಸಾಗುವ ಏರ್ಪಾಡಿತ್ತು. ಮೀಟರ್‌ಗೆ ವಿದ್ಯುತ್ತಿನ ಕೊರತೆಯಿಲ್ಲ. ಆದ್ದರಿಂದ ಅದು ಸದಾ ಎಚ್ಚರವಿದ್ದು ನೆರೆಯ ಮೀಟರ್‌ನ ಸಂದೇಶವನ್ನೂ ದಾಟಿಸಬಲ್ಲದು.

ಎಚ್ಚರದ ಬೆಲೆ

ಬ್ಯಾಟರಿ ಉಪಕರಣದ ಸ್ಥಿತಿ ಬೇರೆ. 20 ಮಿಲಿ ಆಂಪಿಯರ್ ಬಳಸುವ ರೇಡಿಯೋ ಸತತವಾಗಿ ಕಿವಿಗೊಟ್ಟಿದ್ದರೆ 2,500 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿ 125 ಗಂಟೆಗಳಲ್ಲಿ, ಅಂದರೆ ಐದೇ ದಿನಗಳಲ್ಲಿ ಬರಿದಾಗುತ್ತದೆ. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದರೆ ಒಂದು ವರ್ಷಕ್ಕೂ ಮೀರಿ ಬಾಳುತ್ತದೆ.

2004ರಲ್ಲಿ ರೂಪುಗೊಂಡ ಜಿಗ್ಬೀ ಹಾಗೂ ಇಂಟರ್ನೆಟ್ ವಿಳಾಸವನ್ನೇ ಬಳಸುವ ಥ್ರೆಡ್, ಇವೆರಡರಲ್ಲೂ ಅಂಚಿನ ಉಪಕರಣ ನಿದ್ರಿಸಬಹುದು. ದಾಟಿಸುವ ರೂಟರ್ ನಿದ್ರಿಸುವಂತಿಲ್ಲ. 2017ರಲ್ಲಿ ಬಂದ ಬ್ಲೂಟೂತ್ ಮೆಶ್ ಸಾಮಾನ್ಯವಾಗಿ ದಾರಿ ಹುಡುಕುವುದಿಲ್ಲ. ಸಂದೇಶವನ್ನು ಸುತ್ತಲೂ ಸಾರುತ್ತದೆ. ಕೇಳಿಸಿಕೊಂಡ ರಿಲೇ ಉಪಕರಣಗಳು ಮತ್ತೆ ಸಾರುತ್ತವೆ. ಸಾಲು ದೀಪಗಳಿಗೆ ಇದು ಸುಲಭ, ಆದರೆ ರಿಲೇಗಳಿಗೆ ನಿದ್ದೆಯಿಲ್ಲ. ಟಿಎಸ್‌ಸಿಎಚ್ ವಿಧಾನದಲ್ಲಿ ಮಾತ್ರ ಎಲ್ಲ ಉಪಕರಣಗಳೂ ಗಡಿಯಾರ ಹೊಂದಿಸಿಕೊಂಡು ನಿಗದಿತ ಕ್ಷಣಕ್ಕೆ ಏಳುತ್ತವೆ. ಹೀಗಾಗಿ ದಾಟಿಸುವವೂ ಬ್ಯಾಟರಿಯಲ್ಲೇ ನಡೆಯಬಲ್ಲವು. ಕಾರ್ಖಾನೆಗಳಲ್ಲಿ ಇದಕ್ಕೆ ಬೇಡಿಕೆಯಿದೆ.

ಗದ್ದೆಯ ಸಂಕಟ

ಗದ್ದೆಯಲ್ಲಿ ದಾಟಿಸುವವರು ಯಾರು? ಪಂಪ್‌ಸೆಟ್ ಬಳಿ ರೂಟರ್ ಇಟ್ಟರೆ, ಮೂರು ಫೇಸ್ ವಿದ್ಯುತ್ ದಿನವಿಡೀ ಇರದ ಕಾರಣ ಕರೆಂಟ್ ಹೋದೊಡನೆ ಜಾಲವೂ ಮೂಕವಾಗುತ್ತದೆ. ಜೊತೆಗೆ ಇವುಗಳಲ್ಲಿ ಹೆಚ್ಚಿನವು ಬಳಸುವ 2.4 ಗಿಗಾಹರ್ಟ್ಸ್ ಅಲೆ, ನೀರು ತುಂಬಿದ ಎಲೆಗಳ ನಡುವೆ ಬೇಗ ಕುಗ್ಗುತ್ತದೆ. ಆಳೆತ್ತರ ಮೀರಿದ ಕಬ್ಬು ಅದಕ್ಕೆ ಗೋಡೆಯೇ ಸರಿ. ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ 865 ಮೆಗಾಹರ್ಟ್ಸ್ ಆಸುಪಾಸಿನ ಅಲೆ ಇದಕ್ಕಿಂತ ದೂರ ಸಾಗುತ್ತದೆ.

ಗದ್ದೆಯ ಪಾಠ ರಾಜ್ಯಕ್ಕೆ ಮೊದಲೇ ದೊರೆತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ಜೊತೆಗೂಡಿ 2000ರ ದಶಕದಲ್ಲಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಣ್ಣಿನ ತೇವಾಂಶ ಅಳೆಯುವ ನಿಸ್ತಂತು ಜಾಲವನ್ನು ಪ್ರಯೋಗಿಸಿತ್ತು. ಮಳೆಯಾಶ್ರಿತ ಸಣ್ಣ ರೈತರಿಗೆ ನೆರವಾಗುವುದು ಅದರ ಗುರಿಯಾಗಿತ್ತು.

ಇಂದು ಇಂಥಲ್ಲಿ ಲೋರಾವ್ಯಾನ್ ಮುಂದೆ ಬಂದಿದೆ. ಇದು ಮೆಶ್ ಅಲ್ಲ. ಪ್ರತಿ ಉಪಕರಣವೂ ಎತ್ತರದ ಗೇಟ್‌ವೇಗೆ ನೇರವಾಗಿ ನುಡಿಯುತ್ತದೆ. ಬಯಲಿನಲ್ಲಿ ಕೆಲವು ಕಿಲೋಮೀಟರ್ ತಲುಪುತ್ತದೆ. ವೇಗ ಮಾತ್ರ ಅತ್ಯಲ್ಪ: ಅತಿ ನಿಧಾನದ ಹಂತದಲ್ಲಿ ಒಂದು ಸಂದೇಶಕ್ಕೆ 51 ಬೈಟ್ ಮಿತಿ. ತೇವಾಂಶದ ಅಂಕಿಗೆ ಅಷ್ಟು ಧಾರಾಳ ಸಾಕು. ಚಿತ್ರ ಕಳುಹಿಸಲು ಸಾಲದು.

ಕೊಳ್ಳುವ ಮುನ್ನ ರೈತರು ಕೇಳಬೇಕಾದ ಪ್ರಶ್ನೆಗಳು ಮೂರು: ಸಂದೇಶ ಎಷ್ಟು ದೂರ ಹೋಗಬೇಕು? ನಡುವೆ ದಾಟಿಸುವ ಉಪಕರಣಕ್ಕೆ ವಿದ್ಯುತ್ ಎಲ್ಲಿಂದ? ಕರೆಂಟ್ ಹೋದಾಗ ಗತಿಯೇನು? ಇವುಗಳಿಗೆ ಉತ್ತರ ದೊರೆಯದೆ ಮನೆಗೆಂದು ಮಾಡಿದ ಸಾಧನವನ್ನು ಗದ್ದೆಗೆ ತಂದರೆ, ಹಣ ಕೊಟ್ಟವರಿಗೆ ಉಳಿಯುವುದು ಸತ್ತ ಬ್ಯಾಟರಿಗಳಷ್ಟೇ.