ಬಾದಾಮಿಯ ಗೋಡೆಯೊಳಗೊಂದು ನದಿ!

ಬನಶಂಕರಿ ಅಮ್ಮನ ದರ್ಶನ ಆಯಿತೇ? ಗುಡಿಯ ಮುಂದೆ ಕೂತು ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಹೊಡೆದದ್ದಾಯಿತೇ? ಹಾಗಾದರೆ ಐದೇ ಕಿಲೋಮೀಟರ್, ಬಾದಾಮಿಗೆ ಬನ್ನಿ! ಶಿಲ್ಪ ಆಮೇಲೆ. ಮೊದಲು ಏನೂ ಕೆತ್ತದ ಬರೀ ಬಂಡೆ ನೋಡಿ!

ಕೆಂಪು ಕಲ್ಲಿನ ಮೈಮೇಲೆ ಓರೆ ಗೆರೆಗಳು ಕಂಡವೇ? ಸಾಲುಸಾಲು! ಒಂದು ಪಟ್ಟಿಯಲ್ಲಿ ಎಲ್ಲವೂ ಒಂದೇ ಕಡೆಗೆ ವಾಲಿವೆ. ಚಾಲುಕ್ಯರ ಉಳಿಯ ಗುರುತೇ? ಅಲ್ಲ! ಮಳೆ ಕೊರೆದದ್ದೇ? ಅದೂ ಅಲ್ಲ!

ಅದು ನದಿಯ ಕೈಬರಹ! ಹರಿಯುವ ನೀರು ಮರಳನ್ನು ದಿಬ್ಬದ ಮೇಲಕ್ಕೆ ತಳ್ಳಿ, ಆಚೆಯ ಇಳಿಜಾರಿಗೆ ಸುರಿಯುತ್ತದೆ. ಪದರದ ಮೇಲೆ ಪದರ. ಆ ಮರಳೇ ಗಟ್ಟಿಯಾಗಿ ಈ ಬಂಡೆ!

ಎಷ್ಟು ಹಳೆಯ ನದಿ? ಊಹಿಸಿ ನೋಡೋಣ. ಚಾಲುಕ್ಯರು ಇಲ್ಲಿ ಕೊರೆಸಿದ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಇನ್ನೂ ಹಿಂದೆ ಹೋಗಿ. ಡೈನೋಸಾರ್ ಕಾಲವೇ? ಸಾಲದು! ನೆಲದ ಮೇಲೆ ಮರವಿಲ್ಲ, ಹುಲ್ಲುಕಡ್ಡಿಯಿಲ್ಲ, ಒಂದು ಇರುವೆಯೂ ಇಲ್ಲ. ವಿಜ್ಞಾನಿಗಳ ಅಂದಾಜು ಸುಮಾರು 80ರಿಂದ 90 ಕೋಟಿ ವರ್ಷ!

ಇದೆಲ್ಲ ಗೊತ್ತಾಗುವುದು ಹೇಗೆ? ಇಂಥ ಮರಳುಗಲ್ಲಿನ ಚರಿತ್ರೆ ಬಿಡಿಸಲು ಒಂದು ಪುಟ್ಟ ಹರಳು ನೆರವಾಗುತ್ತದೆ. ಹೆಸರು ಜಿರ್ಕಾನ್. ಕಲ್ಲು ಕುಟ್ಟಿ ಪುಡಿ ಮಾಡುತ್ತಾರೆ. ಭಾರದ ಕಾಳುಗಳನ್ನು ಬೇರ್ಪಡಿಸುತ್ತಾರೆ. ಸೂಕ್ಷ್ಮದರ್ಶಕದಡಿ ಜಿರ್ಕಾನ್ ಆರಿಸಿ, ಅದಕ್ಕೆ ಲೇಸರ್ ಹೊಡೆಯುತ್ತಾರೆ. ಬೀಳುವ ಗುಂಡಿ ಕೂದಲೆಳೆಗಿಂತ ಕಿರಿದು!

ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಪಾಲು ಹೊರಗೇ ನಿಲ್ಲಿಸುತ್ತದೆ. ಆಮೇಲೆ ಆ ಯುರೇನಿಯಂ ತಾನೇ ನಿಧಾನಕ್ಕೆ ಸೀಸವಾಗುತ್ತದೆ. ಎಷ್ಟು ನಿಧಾನ? ಯುರೇನಿಯಂ-238 ಅರ್ಧದಷ್ಟು ಕರಗಲು ಸುಮಾರು 447 ಕೋಟಿ ವರ್ಷ! ಎರಡನ್ನೂ ಅಳೆದರೆ ಹರಳಿನ ವಯಸ್ಸು ಕೈಗೆ ಸಿಕ್ಕಂತೆ.

ತಾಳಿ, ನಿಜವಾದ ಮಜಾ ಈಗ! ಅದು ಬಂಡೆಯ ವಯಸ್ಸಲ್ಲ! ಆ ಕಾಳು ಯಾವ ತಾಯಿಕಲ್ಲಿನಿಂದ ಉದುರಿತೋ, ಅದರ ವಯಸ್ಸು! ಬಂಡೆ ತನ್ನ ಅತಿ ಎಳೆಯ ಕಾಳಿಗಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಅಲ್ಲಿಗೆ ಒಂದು ಗಡಿ ಸಿಕ್ಕಿತು!

ಇಂಥ ತಾಯಿಕಲ್ಲು ಎಷ್ಟು ಹಳೆಯದಿರಬಹುದು? ಇಳಕಲ್ಲಿನ ಗುಲಾಬಿ ಗ್ರಾನೈಟ್ ನೋಡಿದ್ದೀರಲ್ಲ? ಅದಕ್ಕೆ ಸುಮಾರು 250 ಕೋಟಿ ವರ್ಷ!

ಈಗ ನಿಮ್ಮ ಸರದಿ. ಓರೆ ಗೆರೆಗಳು ಎತ್ತ ಇಳಿಯುತ್ತವೋ, ನೀರು ಹರಿದದ್ದೂ ಅತ್ತಲೇ. ಹೇಳಿ, ನಿಮ್ಮೆದುರಿನ ಬಂಡೆಯಲ್ಲಿ ನದಿ ಓಡಿದ್ದು ಎಡಕ್ಕೋ, ಬಲಕ್ಕೋ?