ಆರೋಗ್ಯ ವಿಮೆಯ ವೆಚ್ಚವೂ ಸಹಕಾರ ತತ್ತ್ವವೂ

ಮನುಷ್ಯನಿಗೆ ಒದಗುವ ಸಂಕಟಗಳಲ್ಲಿ ಕಾಯಿಲೆಯಷ್ಟು ಅನಿರೀಕ್ಷಿತವಾದುದು ವಿರಳ. ಬರಗಾಲದ ಮುನ್ಸೂಚನೆಯನ್ನು ಆಕಾಶವಾದರೂ ಕೊಟ್ಟೀತು. ಹೃದಯದ ಕವಾಟ ಕೆಡುವ ಮುನ್ನ ಯಾರಿಗೂ ತಿಳಿಸಿ ಕೆಡುವುದಿಲ್ಲ. ಒಂದು ಶಸ್ತ್ರಚಿಕಿತ್ಸೆಗಾಗಿ ಹೊಲ ಮಾರಿದ, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಆಸ್ಪತ್ರೆಗೆ ಸುರಿದ ಕುಟುಂಬಗಳು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇವೆ. ಈ ಆಪತ್ತಿಗೆ ವಿಮೆಯು ಪರಿಹಾರವೆಂಬುದು ಸರ್ವವಿದಿತ. ಆದರೆ ಆ ವಿಮೆಯ ಕಂತೇ ಬಡವನ ಕೈಗೆ ನಿಲುಕದಿದ್ದರೆ ಪರಿಹಾರವು ಹೆಸರಿಗಷ್ಟೇ ಉಳಿಯುತ್ತದೆ. ಆದಕಾರಣ ವಿಮೆಯ ವೆಚ್ಚ ಎಲ್ಲಿಂದ ಹುಟ್ಟುತ್ತದೆ, ಅದನ್ನು ತಗ್ಗಿಸುವುದು ಹೇಗೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಬಹುದು.

ಒಂದು ಸರಳ ಲೆಕ್ಕವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಸಾವಿರ ಜನರಿರುವ ಹಳ್ಳಿಯಲ್ಲಿ ವರ್ಷಕ್ಕೆ ಒಬ್ಬನಿಗೆ ಐವತ್ತು ಸಾವಿರ ರೂಪಾಯಿಗಳ ಶಸ್ತ್ರಚಿಕಿತ್ಸೆ ಬೇಕಾಗುವುದೆಂದು ಭಾವಿಸಿದರೆ, ಎಲ್ಲರೂ ಸೇರಿದಾಗ ತಲೆಗೆ ಬೀಳುವುದು ಐವತ್ತು ರೂಪಾಯಿ ಮಾತ್ರ. ಅದೇ ಚಿಕಿತ್ಸೆಯನ್ನು ಮೂವತ್ತು ಸಾವಿರದಲ್ಲಿ ಮಾಡಲು ಸಾಧ್ಯವಾದರೆ ಮೂವತ್ತು ರೂಪಾಯಿ ಸಾಕು. ಆದರೆ ಆರೋಗ್ಯವಂತರು 'ನಮಗೇಕೆ?' ಎಂದು ದೂರ ಉಳಿದು, ರೋಗಿಯೂ ಸೇರಿ ನೂರೇ ಜನ ಹಣ ಕೊಟ್ಟರೆ, ಐವತ್ತು ಸಾವಿರದ ಭಾರ ತಲೆಗೆ ಐನೂರು ರೂಪಾಯಿಯಾಗಿ ಬೀಳುತ್ತದೆ. ಇದರ ಮೇಲೆ ನಿರ್ವಹಣೆಯ ಖರ್ಚು, ಮಧ್ಯವರ್ತಿಗಳ ದಲ್ಲಾಳಿ, ವಿಮಾ ಸಂಸ್ಥೆಯ ಲಾಭ ಇವೂ ಕೂಡಿಕೊಳ್ಳುತ್ತವೆ. ಹೀಗೆ ವಿಮೆಯನ್ನು ಅಗ್ಗಗೊಳಿಸುವ ದಾರಿಗಳು ಮುಖ್ಯವಾಗಿ ಮೂರು: ಆರೋಗ್ಯವಂತರಾಗಿರುವಾಗಲೇ ಬಹುಜನರನ್ನು ಕೂಡಿಸುವುದು, ಮಧ್ಯದ ಖರ್ಚನ್ನು ಕಡಿಮೆ ಮಾಡುವುದು, ಚಿಕಿತ್ಸೆಯ ವೆಚ್ಚವನ್ನೇ ಇಳಿಸುವುದು. ಈ ಮೂರನ್ನೂ ಪ್ರಯೋಗಿಸಿ ನೋಡಿದ ನಾಡು ನಮ್ಮದೆಂಬುದು ಹೆಮ್ಮೆಯ ಸಂಗತಿ.

ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅಂದು ಬಿತ್ತಿದ ಬೀಜ ಮುಂದೆ ಹಳ್ಳಿಹಳ್ಳಿಯ ಪತ್ತಿನ ಸಂಘವಾಗಿ, ಹಾಲು ಉತ್ಪಾದಕರ ಸಂಘವಾಗಿ ಹರಡಿತು. ಈ ಸಂಘಗಳನ್ನು ಸಾಲಕ್ಕೂ ಹಾಲಿಗೂ ಮಾತ್ರವಲ್ಲದೆ ಆರೋಗ್ಯಕ್ಕೂ ಏಕೆ ಬಳಸಬಾರದೆಂಬ ಪ್ರಶ್ನೆಯಿಂದ ಹುಟ್ಟಿದುದೇ ಯಶಸ್ವಿನಿ ಯೋಜನೆ. ದಕ್ಷಿಣ ಕನ್ನಡದ ಕಿನ್ನಿಗೋಳಿಯಲ್ಲಿ ಜನಿಸಿ, ಬೆಂಗಳೂರಿನ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯವನ್ನು ಕಟ್ಟಿದ ಹೃದಯ ಶಸ್ತ್ರವೈದ್ಯ ಡಾ. ದೇವಿ ಶೆಟ್ಟಿಯವರು ಇದರ ಕಲ್ಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ರಾಜ್ಯದ ಸಹಕಾರ ಇಲಾಖೆ ಕೈಜೋಡಿಸಿತು. ಶ್ರೀ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 2003ರ ಜೂನ್‌ನಿಂದ ಯೋಜನೆ ಕಾರ್ಯರೂಪಕ್ಕೆ ಬಂದಿತು.

ಆರಂಭದಲ್ಲಿ ಸದಸ್ಯನೊಬ್ಬನ ವಂತಿಗೆ ವರ್ಷಕ್ಕೆ 60 ರೂಪಾಯಿ, ಎಂದರೆ ತಿಂಗಳಿಗೆ 5 ರೂಪಾಯಿ. ಸರ್ಕಾರವೂ ತನ್ನ ಪಾಲನ್ನು ಸೇರಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಇಷ್ಟು ಜನರನ್ನು ಕೂಡಿಸಲು ಪ್ರತಿನಿಧಿಗಳ ಪಡೆ ಬೇಕಾಗಲಿಲ್ಲ. ಸದಸ್ಯರ ಪಟ್ಟಿಯೂ ಹಣ ಪಡೆಯುವ ಕಾರ್ಯದರ್ಶಿಯೂ ಸಂಘದಲ್ಲಿ ಮೊದಲೇ ಇದ್ದರು. ಅಪಾಯದ ಹೊಣೆಯನ್ನು ವಿಮಾ ಕಂಪನಿಗೆ ಒಪ್ಪಿಸದೆ ಒಂದು ಟ್ರಸ್ಟ್ ತಾನೇ ಹೊತ್ತುಕೊಂಡಿತು. ಪ್ರತಿಯೊಂದು ಶಸ್ತ್ರಚಿಕಿತ್ಸೆಗೂ ಆಸ್ಪತ್ರೆಗಳೊಡನೆ ಮುಂಚಿತವಾಗಿಯೇ ದರ ಗೊತ್ತುಪಡಿಸಲಾಯಿತು. ರೋಗಿ ಹಣ ಕಟ್ಟದೆ ಚಿಕಿತ್ಸೆ ಪಡೆಯುವಂತಾಯಿತು.

ಯೋಜನೆಯು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಸೀಮಿತವಾಗಿದ್ದುದು ಏಕೆಂದು ವಾಚಕರು ಕೇಳಬಹುದು. ಜ್ವರ ಕೆಮ್ಮುಗಳು ಹಲವರಿಗೆ ಹಲವು ಬಾರಿ ಬರುತ್ತವೆ. ಅವುಗಳ ಖರ್ಚನ್ನು ಹೇಗೋ ಭರಿಸಬಹುದು. ಶಸ್ತ್ರಚಿಕಿತ್ಸೆ ಕೆಲವರಿಗೆ ಮಾತ್ರ ಬೇಕಾಗುತ್ತದೆ. ಬಂದಾಗ ಮನೆಯನ್ನೇ ಮುಳುಗಿಸುತ್ತದೆ. ಅಪರೂಪವೂ ದುಬಾರಿಯೂ ಆದುದನ್ನು ಹಂಚಿಕೊಳ್ಳುವುದೇ ವಿಮೆಯ ಮೂಲಧರ್ಮ. ಆದರೆ ಔಷಧಿಯನ್ನೇ ನೆಚ್ಚಿ ಬಹುಕಾಲ ನರಳುವ ರೋಗಿ ಇದರ ನೆರಳಿನಿಂದ ಹೊರಗುಳಿದನೆಂಬುದನ್ನೂ ಮರೆಯಲಾಗದು.

ಯೋಜನೆಯ ಹಾದಿ ನಿಷ್ಕಂಟಕವಾಗಿರಲಿಲ್ಲ. ವಂತಿಗೆಯ ಹಣ ಖರ್ಚಿಗೆ ಸಾಲದೆ 2005ರಲ್ಲಿ ಅದನ್ನು 120 ರೂಪಾಯಿಗೆ ಏರಿಸಿದಾಗ, ಸುಮಾರು 20 ಲಕ್ಷಕ್ಕೆ ಮುಟ್ಟಿದ್ದ ಸದಸ್ಯರ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಇಳಿಯಿತು. ಕಂತು ಏರಿದಾಗ ಮೊದಲು ಬಿಟ್ಟುಹೋಗುವವರು ತಮಗೆ ಕಾಯಿಲೆಯಿಲ್ಲವೆಂದು ನಂಬಿದವರು. ಅವರು ಹೋದಷ್ಟೂ ಉಳಿದವರ ಭಾರ ಹೆಚ್ಚುತ್ತದೆ. ಎಲ್ಲ ಸ್ವಯಂಪ್ರೇರಿತ ವಿಮೆಗಳನ್ನೂ ಕಾಡುವ ವ್ಯಾಧಿಯಿದು. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ಸಹಕಾರಿಗಳ ಒತ್ತಾಯದ ಮೇರೆಗೆ 2022ರಲ್ಲಿ ಪುನಃ ನೋಂದಣಿ ಆರಂಭವಾಗಿ, 2023ರ ಜನವರಿಯಿಂದ ಚಿಕಿತ್ಸಾ ಸೌಲಭ್ಯ ಮತ್ತೆ ದೊರೆಯಿತು. ಆಗ ನಿಗದಿಯಾದ ವಂತಿಗೆ, ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಚಿಕಿತ್ಸೆಯ ಮಿತಿ 5 ಲಕ್ಷ.

ಇನ್ನು ಮೂರನೆಯ ದಾರಿ. ಚಿಕಿತ್ಸೆ ದುಬಾರಿಯಾಗಿಯೇ ಉಳಿದರೆ ವಿಮೆ ಅಗ್ಗವಾಗದು. ಈ ವಿಷಯದಲ್ಲಿ ನಾರಾಯಣ ಹೃದಯಾಲಯವು ಆಸ್ಪತ್ರೆಯ ವ್ಯವಹಾರದ ರೂಢಿಯನ್ನೇ ಪ್ರಶ್ನಿಸಿತು. ಕೆಲವೇ ರೋಗಿಗಳಿಂದ ಹೆಚ್ಚು ಹಣ ಪಡೆಯುವುದಕ್ಕೆ ಬದಲಾಗಿ, ಬಹಳ ರೋಗಿಗಳಿಗೆ ಕಡಿಮೆ ದರದಲ್ಲಿ ಚಿಕಿತ್ಸೆ ನೀಡುವ ಮಾರ್ಗವನ್ನು ಹಿಡಿಯಿತು. ಒಂದೇ ಶಸ್ತ್ರಾಗಾರ, ಒಂದೇ ಯಂತ್ರ ದಿನಕ್ಕೆ ಹೆಚ್ಚು ಹೊತ್ತು ದುಡಿದರೆ ಪ್ರತಿ ರೋಗಿಯ ಮೇಲೆ ಬೀಳುವ ಖರ್ಚು ಇಳಿಯುತ್ತದೆ. ಒಂದೇ ಕೆಲಸವನ್ನು ನೂರಾರು ಬಾರಿ ಮಾಡಿದ ಕೈ ಪಳಗುತ್ತದೆ. ಹಿರಿಯ ವೈದ್ಯರಿಗೂ ಆಸ್ಪತ್ರೆಯ ಆದಾಯ ಖರ್ಚಿನ ಲೆಕ್ಕವನ್ನು ದಿನದಿನವೂ ತಿಳಿಸುವ ಪದ್ಧತಿ ಬಂದಿತು. ಮೈಸೂರಿನ ಆಸ್ಪತ್ರೆಯನ್ನು ಆಡಂಬರವಿಲ್ಲದೆ ಅಲ್ಪವೆಚ್ಚದಲ್ಲಿ ಕಟ್ಟಲಾಯಿತು. ರೋಗಿಯ ಬಂಧುಗಳಿಗೇ ಶುಶ್ರೂಷೆಯ ಪಾಠ ಹೇಳಿಕೊಡುವ ಕ್ರಮವನ್ನೂ ಅಲ್ಲಿ ಕೈಗೊಂಡರು. ವೈದ್ಯನಿಗೆ ಲೆಕ್ಕವೇಕೆ ಎಂಬ ಹಳೆಯ ಮಾತನ್ನು ಮೀರಿದ ಧೈರ್ಯವಿದು.

ಇದೇ ಸಂಸ್ಥೆ 2024ರಲ್ಲಿ ಸ್ವತಃ ವಿಮಾ ಕಂಪನಿಯನ್ನು ಸ್ಥಾಪಿಸಿ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ಸುಮಾರು 10,000 ರೂಪಾಯಿ ಕಂತಿನಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಕೋಟಿಯ ರಕ್ಷಣೆ ನೀಡುವ 'ಅದಿತಿ' ಎಂಬ ವಿಮೆಯನ್ನು ಮೈಸೂರು ಪ್ರಾಂತದಲ್ಲಿ ಆರಂಭಿಸಿತು. ವಿಮೆಯೂ ಆಸ್ಪತ್ರೆಯೂ ಬೇರೆಬೇರೆಯಾಗಿದ್ದರೆ, ಚಿಕಿತ್ಸೆ ಹೆಚ್ಚಿದಷ್ಟೂ ಆಸ್ಪತ್ರೆಗೆ ಲಾಭ, ವಿಮೆಗೆ ನಷ್ಟ. ಎರಡೂ ಒಂದೇ ಕೈಯಲ್ಲಿದ್ದರೆ ಅನಾವಶ್ಯಕ ಚಿಕಿತ್ಸೆ ಯಾರಿಗೂ ಲಾಭವಲ್ಲ. ರೋಗವನ್ನು ಆದಿಯಲ್ಲಿಯೇ ತಡೆಯುವುದು ಇಬ್ಬರಿಗೂ ಹಿತ. ಆದರೆ ಅವಶ್ಯಕ ಚಿಕಿತ್ಸೆಯನ್ನೂ ಮೊಟಕುಗೊಳಿಸುವ ಪ್ರಲೋಭನೆ ಅಲ್ಲಿಯೇ ಅಡಗಿದೆ. ಆದುದರಿಂದ ನಿಯಂತ್ರಕರ ಎಚ್ಚರವೂ ಸದಸ್ಯರ ತಿಳಿವಳಿಕೆಯೂ ಅಗತ್ಯ.

ಈ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ವಿಮೆಯನ್ನು ಅಗ್ಗಗೊಳಿಸುವ ಶಕ್ತಿ ಜಾಣ ಲೆಕ್ಕಿಗನ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ, ತನಗೆ ಇಂದು ಬೇಡದಿದ್ದರೂ ನೆರೆಯವನಿಗಾಗಿ ಸೇರುವ ಆರೋಗ್ಯವಂತನ ಕೈಯಲ್ಲಿದೆ. ಪಾಠಶಾಲೆಯಲ್ಲಿ ಸರಾಸರಿಯ ಲೆಕ್ಕ ಹೇಳಿಕೊಡುವ ಉಪಾಧ್ಯಾಯರು ಸಾವಿರ ಜನರ ಈ ಹಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಗಣಿತದೊಡನೆ ಸಮಾಜಧರ್ಮವೂ ಮಕ್ಕಳ ಮನಸ್ಸಿಗೆ ಇಳಿದೀತು. ಉದ್ಯೋಗ ನಡೆಸುವ ಹಳೆಯ ವಿದ್ಯಾರ್ಥಿಗಳು ತಮ್ಮ ಕೆಲಸಗಾರರನ್ನು ಒಟ್ಟಾಗಿ ವಿಮೆಗೆ ಸೇರಿಸಬಹುದು. ದಾನಿಗಳೂ ಆಲೋಚಿಸಬೇಕು: ಆಪತ್ತು ಬಂದ ಮೇಲೆ ಒಬ್ಬನಿಗೆ ನೀಡುವ ಐವತ್ತು ಸಾವಿರ ರೂಪಾಯಿ ಒಂದು ಮನೆಯನ್ನು ಉಳಿಸುತ್ತದೆ, ಅದೇ ಹಣ, 500 ರೂಪಾಯಿಯ ವಂತಿಗೆಯಂತೆ, ನೂರು ಬಡ ಕುಟುಂಬಗಳಿಗೆ ಒಂದು ವರ್ಷದ ಅಭಯವಾಗುತ್ತದೆ. ಕಣ್ಣೀರು ಒರೆಸುವುದು ಪುಣ್ಯಕಾರ್ಯವೇ ಸರಿ; ಕಣ್ಣೀರು ಬಾರದಂತೆ ಮೊದಲೇ ವ್ಯವಸ್ಥೆ ಮಾಡುವುದು ಅದಕ್ಕಿಂತ ಹಿರಿದು.