ಹೋರಿಗೆ ನೊಗ ಕಲಿಸುವ ಬಗೆ

ಎತ್ತು ರೈತನ ಗೆಳೆಯ ಎಂದು ನಾವೆಲ್ಲ ಪ್ರಬಂಧದಲ್ಲಿ ಬರೆಯುತ್ತೇವೆ. ಆದರೆ ಎತ್ತು ಹುಟ್ಟುವಾಗಲೇ ಉಳುವುದನ್ನು ಕಲಿತು ಬರುವುದಿಲ್ಲ. ನಾವು ಕಲಿಸಬೇಕು. ಕೆಲವರು ಹೊಡೆದು ಕಲಿಸುತ್ತಾರೆ. ನಮ್ಮ ತಾತ ಹೊಡೆಯದೆ ಕಲಿಸುತ್ತಾರೆ. ಈ ವರ್ಷ ನಮ್ಮ ಮನೆಯ ಹಳ್ಳಿಕಾರ್ ಹೋರಿಗೆ ಕಲಿಸುತ್ತಿದ್ದಾರೆ. ನಾನು ನೋಡಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ವಯಸ್ಸು: ಎರಡು ಹಲ್ಲು ಆದ ಮೇಲೆ, ಅಂದರೆ ಸುಮಾರು ಎರಡೂವರೆ ವರ್ಷದ ನಂತರ ನೊಗ ಇಡಬೇಕು. ಅದಕ್ಕೆ ಮೊದಲು ಮೂಳೆ ಬಲಿತಿರುವುದಿಲ್ಲ.

2. ಸಲಿಗೆ: ಮೊದಲು ಮೈ ತಿಕ್ಕಬೇಕು, ಗಂಗೆದೊಗಲು ಕೆರೆಯಬೇಕು, ಹೆಸರು ಹಿಡಿದು ಕರೀಬೇಕು. ದನದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಆದ್ದರಿಂದ ಅದಕ್ಕೆ ಸುತ್ತಮುತ್ತ ಎಲ್ಲಾ ಕಾಣುತ್ತೆ, ನೇರ ಬೆನ್ನ ಹಿಂದೆ ಮಾತ್ರ ಕಾಣಲ್ಲ. ಸದ್ದಿಲ್ಲದೆ ಹಿಂದಿನಿಂದ ಹೋದರೆ ಬೆದರಿ ಒದೆಯುತ್ತದೆ. ಅದು ಸಿಟ್ಟಲ್ಲ, ಭಯ.

3. ಹಗ್ಗ: ಹಗ್ಗವನ್ನು ಮೆಲ್ಲಗೆ ಎಳೆಯಬೇಕು. ಹೋರಿ ಒಂದು ಹೆಜ್ಜೆ ಇಟ್ಟ ಕೂಡಲೇ ಸಡಿಲ ಬಿಡಬೇಕು. ನಡೆದರೆ ಎಳೆತ ನಿಲ್ಲುತ್ತೆ ಎಂದು ಅದಕ್ಕೆ ಗೊತ್ತಾಗುತ್ತದೆ. ನಡೆದ ಮೇಲೂ ಎಳೀತಾ ಇದ್ದರೆ ಅದಕ್ಕೆ ಏನು ತಿಳಿಯಬೇಕು?

4. ಜೋಡಿ: ಚೆನ್ನಾಗಿ ಕಲಿತ ಹಳೇ ಎತ್ತಿನ ಜೊತೆ ಕಟ್ಟಬೇಕು. ಅದು ನಿಂತರೆ ಇದೂ ನಿಲ್ಲುತ್ತೆ. ಹೋರಿಗೆ ಅದೇ ಮೇಷ್ಟ್ರು. ಎಡಗಡೆ ಕಲಿತ ಹೋರಿಯನ್ನು ದಿನಾ ಎಡಗಡೆಯೇ ಕಟ್ಟಬೇಕು.

5. ಭಾರ: ಮೊದಲು ಬರೀ ನೊಗ, ಆಮೇಲೆ ಸಣ್ಣ ಕೊರಡು, ಆಮೇಲೆ ಖಾಲಿ ಗಾಡಿ, ಕೊನೆಗೆ ನೇಗಿಲು. ದಿನಕ್ಕೆ ಸ್ವಲ್ಪ ಹೊತ್ತು ಸಾಕು. ಹೆಗಲು ಹುಣ್ಣಾದರೆ ವಾಸಿಯಾಗುವವರೆಗೆ ರಜ.

ಮೊನ್ನೆ ನಮ್ಮ ಹೋರಿ ಕೊರಡು ಎಳೆಯುವಾಗ ಮಲಗಿಬಿಟ್ಟಿತು. ನೋಡುತ್ತಿದ್ದವರು, ‘ಬಾಲ ತಿರುಚಿ, ಏಳ್ತದೆ’ ಅಂದರು. ತಾತ ನೊಗ ಬಿಚ್ಚಿ ನೋಡಿದರು. ಹಗ್ಗದ ಗಂಟು ಕುತ್ತಿಗೆಗೆ ಒತ್ತುತ್ತಿತ್ತು. ಗಂಟು ಸರಿಮಾಡಿದ ಮೇಲೆ ಹೋರಿ ತಾನೇ ಎದ್ದಿತು. ‘ಅದ್ಕೆ ಬಾಯಿಲ್ಲ ಮಗ, ಮಲಗಿ ಹೇಳ್ತು. ಹೊಡುದ್ರೆ ನಡೀತದೆ, ಆದ್ರೆ ನಿನ್ನ ನಂಬಾಕಿಲ್ಲ’ ಎಂದು ತಾತ ಹೇಳಿದರು.

ನಮ್ಮ ದೇಶದಲ್ಲಿ ಪ್ರಾಣಿಗಳಿಗೆ ಹಿಂಸೆ ಕೊಡಬಾರದೆಂದು 1960ರಲ್ಲೇ ಕಾಯಿದೆ ಆಗಿದೆ. ಎತ್ತು ಹೊಡೆಯಲು ಮೊಳೆ ಇರುವ ಕೋಲು ಬಳಸಬಾರದೆಂದು 1965ರ ನಿಯಮ ಹೇಳುತ್ತದೆ. ಗಾಡಿ ಎಳೆಯುವ ಎತ್ತನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದೂ ಅದರಲ್ಲಿದೆ.

ಗೆಳೆಯರೇ, ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಎತ್ತು ಹೊಡೆಯುವ ಕೋಲಿನ ತುದಿ ನೋಡಿ. ಮೊಳೆ ಇದ್ದರೆ ದೊಡ್ಡವರಿಗೆ ಹೇಳಿ ಕೀಳಿಸಿ.

– 7ನೇ ತರಗತಿ